ಖಾಲಿಗೂ ಸೀಸ

ತಿಂಗಳಿಗೊಂದು ಕವಿತೆ, ಒಂದೊಂದು ದೇಶದ್ದು,
ಅವರವರ ನುಡಿಯಲ್ಲೇ ಇರಲಿ, ಅನುವಾದ ಬೇಡ
ಎಂದಳು ಹೆಲ್ಯು, ಕ್ಯಾಲೆಂಡರಿನ ಯಜಮಾನಿ.
ಮೊಳೆ ಜೋಡಿಸುವವಳು ನಾನು,
ತಾರ್ತುವಿನ ಈ ನೆಲಮಾಳಿಗೆಯಲ್ಲಿ
ಮೂವತ್ತೊಂದು ವರ್ಷ
ತಲೆಕೆಳಗಾದ ಅಕ್ಷರಗಳನ್ನು
ಬೆರಳ ತುದಿಯಿಂದ ಓದಿದವಳು.

ಅರ್ಥ ನನ್ನ ಪಾಲಿನದಲ್ಲ.
ನನಗೆ ಗೊತ್ತಿರುವುದು ಹಸಿವು:
ಯಾವ ನುಡಿ ಯಾವ ಅಕ್ಷರವನ್ನು
ಎಷ್ಟು ತಿನ್ನುತ್ತದೆ ಎಂಬುದು.

ಜನವರಿಗೆ ಹವಾಯಿ ಬಂತು,
ಬಂದದ್ದೇ ನನ್ನ 'ಎ' ಖಾನೆಯನ್ನು ಬಳಿದುಂಡಿತು.
ಇನ್ನೂ ಎರಡು ಸಾಲಿರುವಾಗ,
ನೆರೆಮನೆಗೆ ಸಕ್ಕರೆ ಕೇಳಲು ಹೋದಂತೆ
ಪತ್ರಿಕೆಯ ಪ್ರೆಸ್ಸಿಗೆ ಹೋಗಿ
ಒಂದು ಬೊಗಸೆ 'ಎ' ಸಾಲ ತಂದೆ.
ವೇಲ್ಸಿನ ಮುದುಕಿಗೆ ಎಲ್ಲವೂ ಜೋಡಿ ಜೋಡಿ,
ಎರಡು 'ಡಿ', ಎರಡು 'ಎಲ್', ಕಾಲುಚೀಲದ ಹಾಗೆ.
ಕೊಲಂಬಿಯಾದ ಬಸ್ ಚಾಲಕ ಎದಿಲ್ಬೆರ್ತೊ
ಹಾಳೆಯ ಅಂಚಿಗೆ ಡೀಸೆಲಿನ ಲೆಕ್ಕ ಗೀಚಿದ್ದ;
ಅದೂ ಕವಿತೆಯೆಂದು ಜೋಡಿಸಿಬಿಟ್ಟೆ.
ಹೆಲ್ಯು ನಕ್ಕಳು, ತೆಗೆಯಲಿಲ್ಲ.

ಜೂನಿಗೆ ಮಂಗೋಲಿಯಾ. ರಷ್ಯನ್ ಅಕ್ಷರ.
ಆ ಪೆಟ್ಟಿಗೆಗೆ ಬೀಗ ಜಡಿದು ಮೂರು ವರ್ಷ,
ಇನ್ನು ತೆರೆಯುವುದಿಲ್ಲವೆಂದು
ಕೀಲಿಯನ್ನು ನದಿಗೆಸೆದವಳೂ ನಾನೇ.
ಸುತ್ತಿಗೆಯಿಂದ ಒಡೆದೆ.
ಅಪ್ಪನನ್ನು ಸೈಬೀರಿಯಾಕ್ಕೆ ಅಟ್ಟಿದ ಆದೇಶದಲ್ಲಿದ್ದ
ಅವೇ ಅಕ್ಷರ, ಅದೇ ಕೊಂಡಿ, ಅದೇ ಬಾಲ.
ಈಗ ಅದೊಂದು ಕಂದು ಕುದುರೆಯ ಬಗ್ಗೆಯಂತೆ.
ಇರಲಿ.
ಕುದುರೆಗೇನು ಗೊತ್ತು.

ಫೆಬ್ರವರಿ ಮಾತ್ರ ಬರಲಿಲ್ಲ.
ಉಳಿದ ಪುಟಗಳನ್ನೆಲ್ಲ ದಾರದಲ್ಲಿ ಕಟ್ಟಿಟ್ಟ ಮೇಲೆ
ಬಂದದ್ದು ಕಾಗದವಲ್ಲ, ಕ್ಯಾಸೆಟ್ಟು.
ಸೊಮಾಲಿ ನಾಡಿನ ಬುರಾವೊದಿಂದ, ಹವೊ ವರ್ಸಮೆ.
ಜೊತೆಗೆ ಅವಳ ಸೋದರಳಿಯನ ಚೀಟಿ:
ಅತ್ತೆ ಬರೆಯುವವಳಲ್ಲ,
ಬೇಕಿದ್ದವರು ಕೇಳಿ ಬಾಯಿಗೆ ಕಲಿಯಲಿ ಅನ್ನುತ್ತಾಳೆ.

ಕೇಳಿದೆವು, ಮೂರು ರಾತ್ರಿ.
ಅವಳ ದನಿ. ಅದರ ಹಿಂದೆ ಒಂಟೆಯ ಮರದ ಗಂಟೆ.
ಯಾರೋ ಕೊಡ ಇಳಿಸಿದ ಸದ್ದು.
ಒಂದು ಮಗುವಿನ ಕೆಮ್ಮು; ಅವಳು ನಿಂತಳು, ಗದರಿದಳು,
ಬಿಟ್ಟ ಉಸಿರನ್ನೇ ಹಿಡಿದು ಮತ್ತೆ ಹೊರಟಳು.
ಕೆಮ್ಮಿಗೆ ನನ್ನಲ್ಲಿ ಮೊಳೆಯಿಲ್ಲ.

ಖಾಲಿ ಬಿಡು, ಅಂದಳು ಹೆಲ್ಯು,
ಅದೇನೋ ಸುಲಭವೆಂಬಂತೆ.
ಅಚ್ಚಿನಲ್ಲಿ ಖಾಲಿಯೆಂದರೆ ಏನೂ ಇಡದಿರುವುದಲ್ಲ.
ಇಡದಿದ್ದರೆ ಪುಟ ಕುಸಿಯುತ್ತದೆ,
ತಾರೀಖುಗಳು ಒಂದರ ಮೇಲೊಂದು ಬೀಳುತ್ತವೆ.
ಖಾಲಿಗೂ ಸೀಸ ಬೇಕು:
ಮಸಿ ತಾಗದಷ್ಟು ಕುಳ್ಳಗೆ, ತಲೆ ತಗ್ಗಿಸಿ ನಿಲ್ಲುವ ಸೀಸ.
ಅವಳು ಉಸಿರೆಳೆದಲ್ಲೆಲ್ಲ ಸಾಲು ಮುರಿದು
ನಲವತ್ತಾರು ಸಾಲು ಖಾಲಿ ಜೋಡಿಸಿದೆ.
ಎತ್ತಿ ತಕ್ಕಡಿಗಿಟ್ಟೆ.
ಹವಾಯಿಗಿಂತ ಮುನ್ನೂರು ಗ್ರಾಂ ಹೆಚ್ಚು.

ನಾನೂರು ಪ್ರತಿ. ಹಲ್ಲಿನ ಡಾಕ್ಟರಿಗೆ, ಗ್ರಂಥಾಲಯಕ್ಕೆ,
ಮಾಂಸದಂಗಡಿಯ ಇಲ್ಮಾರನಿಗೆ.
ಅವನು ಫೆಬ್ರವರಿಯ ಬಿಳುಪಿನ ತುಂಬ
ಗಿರಾಕಿಗಳ ಬಾಕಿ ಬರೆದುಕೊಂಡಿದ್ದ.
ನೋಡಿದೆ. ನನ್ನ ಹೆಸರೂ ಇತ್ತು.

ಅಷ್ಟರಲ್ಲಿ ಮೊಳೆಗಳನ್ನು ಬಿಡಿಸಿಯಾಗಿತ್ತು.
ಕುದುರೆ, ಡೀಸೆಲು, ಮುದುಕಿಯ ಜೋಡಿಗಳು,
ಎಲ್ಲ ಬಿಡಿಬಿಡಿಯಾಗಿ ತಂತಮ್ಮ ಖಾನೆಗೆ;
ಯಾರ ಬಾಯಲ್ಲಿದ್ದೆವೆಂದು ಅವಕ್ಕೆ ನೆನಪಿಲ್ಲ.
ಸಾಲ ತಂದ 'ಎ'ಗಳನ್ನು ಎಣಿಸಿ ಕೊಟ್ಟೆ.
ಎರಡು ಕಮ್ಮಿ ಬಂತು.

ಮಾರ್ಚಿನಲ್ಲಿ ಇಲ್ಮಾರ್ ಸತ್ತ.
ಅವನ ಸಾವಿನ ಕಾರ್ಡು, ಅಂಗೈಯಗಲ,
ನಾನೇ ಜೋಡಿಸಿದೆ: ಹೆಸರು, ಎರಡು ತಾರೀಖು, ಚರ್ಚಿನ ವೇಳೆ.
ತಾರೀಖುಗಳ ನಡುವೆ ಯಾಕೋ ಇಕ್ಕಟ್ಟೆನಿಸಿ
ಬುರಾವೊದ ಖಾಲಿಯಿಂದ ಒಂದು ತುಂಡು ತೆಗೆದಿಟ್ಟೆ.

ಹೆಲ್ಯು ಕರಡು ನೋಡಿ ಕೇಳಿದಳು,
ಇಲ್ಲಿ ಜಾಗ ತುಸು ಹೆಚ್ಚಾಯಿತಲ್ಲವೆ?
ಆಗಲಿ ಅಂದೆ.
ಅಲ್ಲೊಂದು ಮಗು ಕೆಮ್ಮುತ್ತದೆ.