ನಲವತ್ತೊಂದು ಸೆಕೆಂಡು

ನಾಳೆ ನಂದಿ. ನಾಲ್ಕನೇ ದಿನ, ಕಡೇ ಬೆಟ್ಟ.
ಇವತ್ತು ರಾತ್ರಿ ಶಿಡ್ಲಘಟ್ಟದಲ್ಲಿ
ನನ್ನ ಪಂಚರ್ ಅಂಗಡಿ ಮುಂದೆ,
ಟ್ಯೂಬು ಮುಳುಗಿಸುವ ಬಾಣಲಿ ಸುತ್ತ
ಏಳು ಜನ, ಆರು ಲೋಟ ಟೀ.

ವಿಜಯಪುರದ ಸಿದರಾಯ ಮುಂದಿದ್ದಾನೆ,
ನಲವತ್ತೊಂದು ಸೆಕೆಂಡು.
'ನಲವತ್ತೊಂದು ಅಂದ್ರೆ ಎಷ್ಟು?' ಕೇಳಿದ ಪಿಳ್ಳಪ್ಪ.
ಉತ್ತರ ಯಾರಲ್ಲೂ ಇರಲಿಲ್ಲ.
ಎಲ್ಲರೂ ಬಾಯಿ ಮುಚ್ಚಿ, ಗೋಡೆ ಗಡಿಯಾರ ನೋಡುತ್ತ
ನಲವತ್ತೊಂದು ಎಣಿಸಿದೆವು.
ಅಷ್ಟರಲ್ಲಿ ಚಿಂತಾಮಣಿ ಬಸ್ಸು ಬಂತು, ಒಬ್ಬಾಕೆ ಇಳಿದಳು,
ಮೂಟೆ ಇಳಿಸಿಕೊಂಡಳು,
ಎರಡು ರೂಪಾಯಿ ಚಿಲ್ಲರೆಗೆ ಜಗಳ ಆಡಿದಳು, ಗೆದ್ದಳು,
ಬಸ್ಸು ಹೋಯಿತು.
ಇನ್ನೂ ಆರು ಸೆಕೆಂಡು ಮಿಕ್ಕಿತ್ತು.
'ಅಬ್ಬಬ್ಬ, ಬೇಕಾದಷ್ಟಾಯ್ತು' ಅಂದ ಪಿಳ್ಳಪ್ಪ.

ರೀಲರ್ ಅಮಾನುಲ್ಲಾ ಒಪ್ಪಲಿಲ್ಲ.
ಕುದಿನೀರಲ್ಲಿ ಗೂಡಿನ ಎಳೆ ಹುಡುಕಿ ಹುಡುಕಿ
ಬೆಂದು ಬಿಳುಚಿದ ಬೆರಳೆತ್ತಿ ಹೇಳಿದ:
'ಸಿದರಾಯ ಬಯಲಿನ ಎತ್ತು. ನೇರ ರಸ್ತೆ ಕೊಡಿ, ಗಾಳೀನೇ ಸೀಳ್ತಾನೆ.
ಬೆಟ್ಟದ್ದು ಬೇರೆ ಲೆಕ್ಕ ಸ್ವಾಮಿ.
ಬಿಗಿಯಾಗಿ ಎಳೆದ್ರೆ ತುಂಡು, ಸಡಿಲ ಬಿಟ್ರೆ ಗಂಟು.
ನಮ್ಮ ಗುಡಿಬಂಡೆ ತಬ್ರೇಜ್‌ನ ನೋಡಿ,
ಮೀಸೆ ಬರೋಕ್ ಮುಂಚೆ ಹಾಲಿನ ಕ್ಯಾನು ಕಟ್ಕೊಂಡು
ಏರು ಹತ್ತಿದೋನು. ಒಂದು ತೊಟ್ಟು ತುಳುಕಿಸಿದೋನಲ್ಲ.'

'ತುಳುಕಿದ್ದಷ್ಟೂ ನೀರು ಸೇರಿಸ್ತಿದ್ದ'
ಅಂದರು ಗಂಗರತ್ನಮ್ಮ.
ಮೂವತ್ತು ವರ್ಷ ಡೇರಿಯಲ್ಲಿ ಲ್ಯಾಕ್ಟೋಮೀಟರ್ ಹಿಡಿದವರು,
ಎದುರಾಡುವಂತಿಲ್ಲ.
ಅವರ ಪಣ ಕೊಡಗಿನ ಮುದ್ದಯ್ಯನ ಮೇಲೆ:
'ಮೊನ್ನೆ ಕೈವಾರದ ಇಳಿಜಾರಲ್ಲಿ ಬಿದ್ನಲ್ಲ,
ಎದ್ದೋನು ಮೊದಲು ಚೈನು ಮುಟ್ಟಿ ನೋಡಿದ,
ಆಮೇಲೆ ಮೊಣಕೈ.
ಅಂಥೋನನ್ನ ಬರ್ಕೊಳಿ.'

ಚೌಡರೆಡ್ಡಿ ಟ್ಯೂಬಿನ ಮೇಲೆ ಸೀಮೆಸುಣ್ಣದಲ್ಲಿ
ಬರೆದೇಬಿಟ್ಟ, ಕೂಡಿದ, ಕಳೆದ, ಅಂಗೈಯಲ್ಲಿ ಒರೆಸಿದ.
ತಿರುವಿಗೊಂದು ಸೆಕೆಂಡು ಗಿಟ್ಟಿಸಿದರೆ ತಬ್ರೇಜ್ ಗೆದ್ದ ಹಾಗೇ,
ಆದರೆ ತಿರುವು ಎಷ್ಟು? ಮೂವತ್ತೆಂಟಾ, ನಲವತ್ತಾ?
ಹುಟ್ಟಿದಾಗಿಂದ ಆ ಬೆಟ್ಟ ನೋಡಿದವರು
ಒಬ್ಬರೂ ಎಣಿಸಿರಲಿಲ್ಲ.

ಆಗ ದನದ ದಳ್ಳಾಳಿ ಮುನಿಶಾಮಪ್ಪ
ಹೆಗಲ ಟವೆಲ್ಲು ತೆಗೆದ.
ಸಂತೆಯಲ್ಲಿ ಮಾಡುವ ಹಾಗೆ, ಒಬ್ಬೊಬ್ಬರ ಕೈ
ಅದರಡಿ ಎಳೆದು, ಬೆರಳು ಹಿಸುಕಿ,
ಗೆಲ್ಲುವವನ ಹೆಸರು ಗುಟ್ಟಾಗಿ ಹೇಳಿದ.
ಅಮಾನುಲ್ಲಾ ನಕ್ಕ. ಚೌಡರೆಡ್ಡಿಯೂ ನಕ್ಕ.
ಗಂಗರತ್ನಮ್ಮ 'ನಂಗ್ ಗೊತ್ತು ಬುಡಪ್ಪ' ಅಂತ ಕೈ ಕೊಡಲೇ ಇಲ್ಲ,
ಆದರೂ ನಕ್ಕರು.
ಪ್ರತಿಯೊಬ್ಬರಿಗೂ ಅವರವರ ಎತ್ತನ್ನೇ
ಮಾರಿಬಿಟ್ಟಿದ್ದ ಕಿಲಾಡಿ.

ಕದಿರೇಶನ ಮಾತು ಯಾರೂ ತೆಗೆಯಲಿಲ್ಲ.
ನಮ್ಮೂರ ಹುಡುಗ, ನಂಬರ್ ಅರವತ್ಮೂರು.
ಅವನ ಹಿಂದಿನ ಚಕ್ರದ ಕಡ್ಡಿ ಬಿಗಿದವನು ನಾನೇ.
ಐವತ್ತೆರಡು ನಿಮಿಷ ಹಿಂದಿದ್ದಾನೆ,
ಇಲ್ಲಿ ಬಸ್ಸು ಹತ್ತಿದವರು ಚಿಂತಾಮಣಿಯಲ್ಲಿ
ಇಳಿಯುವಷ್ಟು ಹೊತ್ತು.
ವೇಳೆ ಮೀರಿದರೆ ಹಿಂದಿನಿಂದ ವ್ಯಾನು ಬರುತ್ತದೆ,
ಸೈಕಲ್ಲನ್ನೂ ಅವನನ್ನೂ ಎತ್ತಿ ಹಾಕಿಕೊಳ್ಳುತ್ತದೆ.
ಇದನ್ನೆಲ್ಲ ನಾನು ಬಾಯಿಬಿಟ್ಟು ಹೇಳಲಿಲ್ಲ.

ಕೊನೆಗೆ ನನ್ನ ಕೈ ಟವೆಲ್ಲಿನ ಕೆಳಗೆ ಹೋಯಿತು.
ಮುನಿಶಾಮಪ್ಪ ಬೆರಳು ಹಿಸುಕಲಿಲ್ಲ.
ಇಡೀ ಕೈ ಹಿಡಿದು ಸ್ವಲ್ಪ ಹೊತ್ತು
ಸುಮ್ಮನೆ ಕೂತ.
ಸಂತೆಯಲ್ಲಿ ಅದಕ್ಕೆ ಎಷ್ಟು ರೇಟೋ, ನಾನು ಕೇಳಲಿಲ್ಲ.

ಬೆಳಿಗ್ಗೆ ನಾಲ್ಕಕ್ಕೆ ಟೆಂಪೊ.
ಎಲ್ಲಿ ನಿಲ್ಲುವುದು ಅಂತ ಮತ್ತೆ ಶುರು.
ಅವರಿಗೆಲ್ಲ ತುದಿ ಬೇಕು, ಗೆರೆ ಬೇಕು,
ಗೆದ್ದವನು ಕೈಯೆತ್ತುವುದು ಕಾಣಬೇಕು.
ನನ್ನನ್ನು ಅರ್ಧದಲ್ಲೇ ಇಳಿಸಿಬಿಡಿ ಅಂದಿದ್ದೇನೆ,
ಯಾವುದಾದರೂ ಒಂದು ತಿರುವಲ್ಲಿ,
ಪಂಪು, ಒಂದು ಟ್ಯೂಬು, ನೀರಿನ ಬಾಟಲಿ ಜೊತೆ.

ಸಿದರಾಯ ಹೋಗಲಿ, ತಬ್ರೇಜ್ ಹೋಗಲಿ,
ಮುದ್ದಯ್ಯನೂ ಹೋಗಲಿ, ಚಪ್ಪಾಳೆ ತಟ್ಟುತ್ತೇನೆ.
ಆಮೇಲೆ ರಸ್ತೆ ಖಾಲಿಯಾಗುತ್ತದೆ, ಕೋತಿಗಳು ಇಳಿದು ಬರುತ್ತವೆ.
ವ್ಯಾನಿಗಿಂತ ಮುಂಚೆ
ಅವನ ತಲೆ ಕಂಡರೆ ಸಾಕು.