ಯಾವುದು ಹೆಚ್ಚು?

ಒಂಬತ್ತು ಟ್ಯಾಬು, ನಲವತ್ತೊಂದು ಮಕ್ಕಳು.
ಬೀರುವಿನಿಂದ ತೆಗೆದರೆ ಪರದೆಯ ಮೇಲೆ ಬೂದಿ.
ಮಂಡಕ್ಕಿ ಭಟ್ಟಿಗಳ ನಡುವಿನ ಶಾಲೆ ನಮ್ಮದು,
ದಾವಣಗೆರೆಯ ಬೆಳಗು ಇಲ್ಲಿ
ಹೊಟ್ಟಿನ ಹೊಗೆಯಿಂದಲೇ ಶುರು.
ಸೆರಗಿನಲ್ಲಿ ಒರೆಸಿ ಕೊಡುತ್ತೇನೆ,
ಅಜ್ಜನ ಕನ್ನಡಕ ಒರೆಸಿದ ಹಾಗೆ.

ಏಳನೇ ಪ್ರಶ್ನೆ:
ಒಂದು ಕೆಜಿ ಅಕ್ಕಿ, ಒಂದು ಕೆಜಿ ಮಂಡಕ್ಕಿ,
ಯಾವುದು ಹೆಚ್ಚು?
ಶಾಕಿರಾ ಯೋಚಿಸಲಿಲ್ಲ. ಮಂಡಕ್ಕಿ ಒತ್ತಿದಳು.
ಟ್ಯಾಬು ಕೆಂಪಾಯಿತು, ಟೊಂಯ್ ಎಂದಿತು.
ಹಿಂದಿನ ಬೆಂಚು ನಕ್ಕಿತು.

ಬಿಸಿಯೂಟದ ಸಾಲಿನಲ್ಲಿ ಕೇಳಿದೆ, ಯಾಕೆ?
"ಕೆಜಿ ಅಕ್ಕಿನ ನನ್ನ ತಮ್ಮ ಎತ್ತುತಾನೆ ಟೀಚರ್.
ಕೆಜಿ ಮಂಡಕ್ಕಿ ಚೀಲದ ಹಿಂದೆ
ನನ್ನ ತಮ್ಮನೇ ಕಾಣಲ್ಲ."
ತಟ್ಟೆ ಚಾಚಿದಳು. ಸಾರು ಬಿತ್ತು.
ನಾನು ಅಲ್ಲೇ ನಿಂತಿದ್ದೆ.
ಹೆಚ್ಚು ಅಂದರೆ ಏನು ಹೆಚ್ಚು,
ಪ್ರಶ್ನೆ ಬರೆದವರು ಹೇಳಿರಲಿಲ್ಲ,
ಹದಿನಾರು ವರ್ಷ ಪಾಠ ಮಾಡಿದ ನಾನೂ ಕೇಳಿರಲಿಲ್ಲ.

ಆ ಪಾಠದ ಅಡಿಯಲ್ಲಿ ಇರುವೆ ಸಾಲಿನಂಥ ಅಕ್ಷರ:
ಯಾರು ಬೇಕಾದರೂ ತೆಗೆದುಕೊಳ್ಳಿ, ತಿದ್ದಿ, ಹಂಚಿ,
ಯಾರಿಂದ ಬಂತೆಂದು ಮಾತ್ರ ಹೇಳಿ.
ಪಕ್ಕದ ಮನೆಯಾಕೆ ಹೆಪ್ಪು ಕೊಡುವಾಗ
ಇಷ್ಟನ್ನೂ ಕೇಳುವುದಿಲ್ಲ.

ರಾತ್ರಿ ಕರೆಂಟು ಬಂದಮೇಲೆ ಕೂತೆ.
ಏಳನೇ ಪ್ರಶ್ನೆಯನ್ನು ಸೀಳಿದೆ,
ತಕ್ಕಡಿಗೆ ಒಂದು, ಸೇರಿಗೆ ಒಂದು.
ಮೂರನೆಯದೂ ಹುಟ್ಟಿಕೊಂಡಿತು,
ಉತ್ತರದ ಜಾಗ ಖಾಲಿ ಬಿಟ್ಟೆ:
ಚೀಲದ ಹಿಂದೆ ನಿಂತವರು ಯಾರು?

ವಾರದೊಳಗೆ ಹೊನ್ನಾವರದ ಯಾರೋ ಅದನ್ನೊಯ್ದು
ಮಂಡಕ್ಕಿ ಇದ್ದಲ್ಲಿ ಒಣಸೀಗಡಿ ಇಟ್ಟರು.
ರಾಯಚೂರಿನವರು ಹತ್ತಿ.

ಅಂಕ ಮಾತ್ರ ತಿದ್ದಲಾಗಲಿಲ್ಲ.
ಇಪ್ಪತ್ತಕ್ಕೆ ಹನ್ನೊಂದು, ಕಲಿಕೆ ಸುಧಾರಿಸಬೇಕು,
ಎಂದು ಮೇಲಕ್ಕೆ ಹೋಗಿಯಾಗಿತ್ತು.
ಫೋನು ಮಾಡಿದೆ.
"ಲಾಕ್ ಆಗೇತಿ ಮೇಡಂ, ಸಿಸ್ಟಂ ತಗೊಳ್ಳಲ್ಲ" ಅಂದರು.
ದನಿಯಲ್ಲಿ ಕೆಡುಕೇನಿರಲಿಲ್ಲ.

ಸೋಮವಾರ ಹೊಸ ಪಾಠ ಅವಳಿಗೆ ತೋರಿಸಿದೆ.
ಎಲ್ಲಕ್ಕೂ ಕೆಳಗೆ,
ಆಧಾರ: ಶಾಕಿರಾ, ಆರನೇ ತರಗತಿ, ಭಟ್ಟಿ ಓಣಿ.
ಹಿಗ್ಗುತ್ತಾಳೆ ಅಂದುಕೊಂಡಿದ್ದೆ.
ಅವಳು ಬೆರಳಿಟ್ಟು ಓದಿದಳು, ನಿಧಾನ, ತುಟಿಯಲ್ಲೇ,
ಕೊನೆಯ ಸಾಲಿಗೆ ಬಂದು ನಿಂತಳು.
"ಟೀಚರ್, ಭಟ್ಟಿಗೆ ಒತ್ತು ಬಿಟ್ಟೀರಿ."
ನೋಡಿದೆ. ಹೌದು, ಬಿಟ್ಟಿದ್ದೆ.
ಗಾಜಿನ ಮೇಲೆ ಪೆನ್ನು ಮೂಡದೆ
ನನ್ನ ಅಂಗೈ ಎಳೆದುಕೊಂಡು
ದೊಡ್ಡದಾಗಿ ಬರೆದು ತೋರಿಸಿದಳು:
ಟ್ಟಿ.