ಎರಡು ಪದ

"ಫೈಲ್ ಏರಿಸುತ್ತದೆ" –
ಎರಡೇ ಪದ ಬರೆದು ಮನೆಗೆ ಹೋಗಿದ್ದಳು ಹಲ್ಷ್ಕಾ.
ಆ ರಾತ್ರಿ ಗ್ದಿನ್ಯಾ ಬಂದರಿನಲ್ಲಿ
ಏಜೆಂಟು ಹೇಳಿದಷ್ಟೇ ಮಾಡಿತು:
ಹೆರಿಂಗ್ ಮೀನಿನ ಬಿಲ್ಲಿನ ಮೇಲೆ
ಅದೇ ಹೆಸರಿನ ಉಪ್ಪಿನ ಬಿಲ್ಲು.
ಮೂವತ್ತು ಟನ್ ಮೀನು ಮಾಯ.

ಬೆಳಗ್ಗೆ ಕೋಟೂ ಬಿಚ್ಚದೆ ಕೂತು ಬರೆದಳು:
ಒಂದು ಸಲಕ್ಕೆ ಒಂದೇ ಫೈಲು,
ಇಪ್ಪತ್ತು ಎಂಬಿ ಮೀರಬಾರದು.
ಆ ಹೆಸರು ಮೊದಲೇ ಇದ್ದರೆ
ಹಳೆಯದು ಹೋಗುತ್ತದೆ, ಮರಳುವುದಿಲ್ಲ.
ಮರಳುವುದು ಒಂದು ಸಂಖ್ಯೆ;
ಅದು ಕೈಸೇರುವ ತನಕ 'ಆಯಿತು' ಎನ್ನಬೇಡ.

ಕಿಟಕಿಯಾಚೆ ಕಡಲಹಕ್ಕಿಗಳ ಜಗಳ.
ಕೊನೆಯ ಸಾಲಿಗೆ ಬೆರಳು ತಡೆಯಿತು:
ಅನುಮಾನವಿದ್ದರೆ ಕೇಳು.

ಹತ್ತೊಂಬತ್ತು ವರ್ಷ,
ಇದೇ ಮೇಜು.
ಅವಳಿಗೆ ಯಾರೂ
ಹಾಗೆ ಹೇಳಿರಲಿಲ್ಲ.